ನರ್ಸ್ ಚಂದ್ರಣ್ಣನ ಪರಿಚಯದವರು

"ಇನ್ನೂ ಸ್ವಲ್ಪ ಆ ಕಡೆ ತಳ್ರೇ, ಬೆಂಚು ಹಾಕೋಕೆ ಜಾಗ ಸಾಲಲ್ಲ" ಎಂದು ರಾಮಮ್ಮ ಕೂಗಿದಳು. ಕಣದ ತುಂಬ ಹರಡಿದ್ದ ಕಾಫಿಹಣ್ಣನ್ನು ತೋಟದ ಕೆಲಸದ ಹೆಂಗಸರು ಹಲಗೆಯಿಂದ ಎಳೆದೆಳೆದು ಬೇಲಿಯ ಮಗ್ಗುಲಿಗೆ ರಾಶಿ ಹಾಕುತ್ತಿದ್ದರು. ಅರೆ ಒಣಗಿದ ಹಣ್ಣು ಹಲಗೆಯಡಿ ಗರಗರ ಸದ್ದು ಮಾಡುತ್ತಿತ್ತು. ಕೊಯ್ಲಿನ ಕಾಲ, ಹಣ್ಣನ್ನು ರಾಶಿ ಹಾಕಿಟ್ಟರೆ ಬೂಸಲು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಆದರೆ ಇವತ್ತು ಯಾರೂ ಆ ಮಾತು ಎತ್ತಲಿಲ್ಲ.

ಜಗಲಿಯ ಮೇಲೆ ಚಂದ್ರಶೇಖರ ಮಲಗಿದ್ದ. ಹಿಂದಿನ ಸಂಜೆ ಮೂಡಿಗೆರೆಯ ಆಸ್ಪತ್ರೆಯಲ್ಲಿ ರೋಗಿಯೊಬ್ಬನ ಡ್ರಿಪ್ ಬದಲಿಸಿ, "ಯಾಕೋ ಎದೆ ಹಿಡಿದ ಹಾಗಾಗ್ತಿದೆ ಸಿಸ್ಟರ್" ಎಂದು ಸ್ಟೂಲಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ವಯಸ್ಸು ಐವತ್ತು ದಾಟಿತ್ತು, ಅಷ್ಟೆ. ಆಸ್ಪತ್ರೆಯ ವ್ಯಾನಿನಲ್ಲೇ ಮನೆಗೆ ತಂದಿದ್ದರು. ಮೈಮೇಲೆ ಇನ್ನೂ ಡ್ಯೂಟಿಯ ಬಿಳಿ ಅಂಗಿಯೇ ಇತ್ತು.

ಅವನ ಹೆಂಡತಿ ವಿಮಲ ತಲೆಯ ಬಳಿ ಕೂತಿದ್ದಳು. ರಾತ್ರಿಯೆಲ್ಲ ಅತ್ತು ಈಗ ಅಳು ಬರುತ್ತಿರಲಿಲ್ಲ. ಪಕ್ಕದ ಮನೆಯ ತುಂಗಮ್ಮ ಕೋಲೂರಿಕೊಂಡು ಬಂದು ಅವಳ ಮಗ್ಗುಲಲ್ಲಿ ಕೂತಳು.

"ಪರಮೇಶಿಗೆ ಹೇಳಿಕಳಿಸಿದ್ಯಾ?"

"ರಾತ್ರಿನೇ ಕಳಿಸಿದೀನಿ ಅತ್ತೆ."

"ಎಂತ ಅಂದ?"

"ಏನೂ ಅನ್ಲಿಲ್ಲಂತೆ. ಕೇಳಿಸ್ಕೊಂಡು ಒಳಗೆ ಹೋದ್ರಂತೆ."

ತುಂಗಮ್ಮ ಹಳ್ಳದ ಆಚೆಗೆ ನೋಡಿದಳು. ಸಿಲ್ವರ್ ಓಕ್ ಮರಗಳ ಸಂದಿಯಲ್ಲಿ ದೊಡ್ಡಮನೆಯ ಹೆಂಚು ಕಾಣುತ್ತಿತ್ತು. ಅಲ್ಲಿ ಚಂದ್ರಶೇಖರನ ಅಣ್ಣ ಪರಮೇಶ್ವರಪ್ಪನಿದ್ದ. ಚಂದ್ರಶೇಖರನಿಗೆ ಇದ್ದದ್ದು ಒಬ್ಬಳೇ ಮಗಳು, ರೂಪಶ್ರೀ. ಕೊಳ್ಳಿ ಇಡಬೇಕಾದರೆ ಅಣ್ಣನೋ ಅಣ್ಣನ ಮಗ ಕುಮಾರನೋ ಬರಬೇಕು. ಬಂಧುಗಳೆಲ್ಲ ಸೇರಿಯಾಗಿತ್ತು, ಹಂಡೆಯಲ್ಲಿ ನೀರು ಕಾಯುತ್ತಿತ್ತು. ಅಣ್ಣ ಮಾತ್ರ ಬಂದಿರಲಿಲ್ಲ.

"ಅಣ್ಣ ಇದ್ದೂ ಬೇರೆಯವರು ಮುಂದೆ ನಿಂತ್ರೆ ನೋಡಿದವರು ಎಂತ ಹೇಳ್ತಾರೆ?" ಎಂದಳು ತುಂಗಮ್ಮ.

ಮನೆ ಪಾಲಾದ ದಿನ ಪರಮೇಶ್ವರಪ್ಪ ಅಂದಿದ್ದ ಮಾತು ಊರಿಗೆಲ್ಲ ಗೊತ್ತಿತ್ತು. "ಇನ್ನು ನನ್ನ ಹೆಣಕ್ಕೆ ನೀನು ಬರಬೇಡ, ನಿನ್ನ ಹೆಣಕ್ಕೆ ನಾನು ಬರಲ್ಲ."

•

ಅಣ್ಣತಮ್ಮಂದಿರು ಕೆಟ್ಟದ್ದು ಜಮೀನಿಗಲ್ಲ, ಓದಿಗೆ.

ಅವರ ಅಪ್ಪಯ್ಯ ಲಕ್ವ ಹೊಡೆದು ಎರಡು ವರ್ಷಕ್ಕೂ ಮೇಲೆ ಹಾಸಿಗೆ ಹಿಡಿದಿದ್ದರು. ಬೆನ್ನಿಗೆ ಅಂಗೈಯಗಲ ಹುಣ್ಣಾಗಿತ್ತು. ಕೋಣೆಯ ಬಾಗಿಲು ತೆಗೆದರೆ ಸೊಸೆಯಂದಿರು ಸೆರಗಿನಿಂದ ಮೂಗು ಮುಚ್ಚುತ್ತಿದ್ದರು. ಚಂದ್ರಶೇಖರ ಮೂಡಿಗೆರೆಗೆ ಹೋಗಿ ವಾರ್ಡಿನ ನರ್ಸೊಬ್ಬರ ಹಿಂದೆ ನಿಂತು, ಹುಣ್ಣು ಹೇಗೆ ತೊಳೆಯಬೇಕು, ಮಗ್ಗುಲು ಯಾವಾಗ ಬದಲಿಸಬೇಕು ಎಲ್ಲ ನೋಡಿಕೊಂಡು ಬಂದ. ಬೇಸಿಗೆ ಮುಗಿಯುವಷ್ಟರಲ್ಲಿ ಹುಣ್ಣು ಒಣಗಿತು. ಅಪ್ಪಯ್ಯ ಬದುಕಲಿಲ್ಲ, ಆದರೆ ಕೊನೆಯ ದಿನಗಳಲ್ಲಿ ನೋವಿಲ್ಲದೆ ನಿದ್ದೆ ಮಾಡಿದರು.

ತಿಥಿ ಮುಗಿದ ಮೇಲೆ ಚಂದ್ರಶೇಖರ ಹೆಂಡತಿಗೆ ಹೇಳಿದ. "ವಿಮಲಾ, ಈ ಕೆಲಸ ನಂಗೆ ಬರುತ್ತೆ ಅನ್ನಿಸ್ತು. ಕಲ್ತರೆ ಇನ್ನೂ ಚೆನ್ನಾಗಿ ಬರುತ್ತೆ."

ಆಗ ಅವನಿಗೆ ಮೂವತ್ತೈದರ ಹತ್ತಿರ. ಹದಿನೇಳನೇ ವಯಸ್ಸಿನಲ್ಲಿ ಪಿಯುಸಿ ಇಂಗ್ಲಿಷಿನಲ್ಲಿ ಫೇಲಾಗಿ ಪುಸ್ತಕ ಅಟ್ಟಕ್ಕೆ ಎಸೆದವನು. ನರ್ಸಿಂಗಿಗೆ ಸೇರಬೇಕಾದರೆ ಮೊದಲು ಆ ಇಂಗ್ಲಿಷ್ ಪಾಸಾಗಬೇಕಿತ್ತು. ಹಗಲು ತೋಟ, ಸಂಜೆ ಪಾಠ. ಕಾಫಿಗಿಡಕ್ಕೆ ಔಷಧಿ ಹೊಡೆಯುತ್ತಲೇ ಪದ್ಯ ಬಾಯಿಪಾಠ ಮಾಡುತ್ತಿದ್ದ. ಪರೀಕ್ಷೆಯ ದಿನ ಕಾಲೇಜಿನ ಬಾಗಿಲಲ್ಲಿ ಮೇಷ್ಟ್ರೊಬ್ಬರು ಅವನನ್ನು ತಡೆದು, "ಹುಡುಗರನ್ನ ಬಿಟ್ಟಾಯ್ತಲ್ಲ, ನೀವು ಹೊರಗೆ ಮರದ ಕೆಳಗೆ ಕೂತ್ಕೊಳ್ಳಿ" ಅಂದಿದ್ದರು. ಆ ಸಲ ಪಾಸಾದ. ಫಲಿತಾಂಶ ನೋಡಿ ಬಂದು ಮಗಳನ್ನು ಎತ್ತಿಕೊಂಡು ಕಣದ ತುಂಬ ಕುಣಿದ.

ಪರಮೇಶ್ವರಪ್ಪ ಕುಣಿಯಲಿಲ್ಲ. "ಅಪ್ಪಯ್ಯನ ಹೊಲಸು ಬಳ್ದಿದ್ದು ಸರಿ, ಮಗನ ಧರ್ಮ. ಊರವರದ್ದೆಲ್ಲ ಬಳಿಯೋಕೆ ಸರ್ಟಿಫಿಕೇಟ್ ಬೇರೆ ತಗೋತೀಯಾ? ನಾಳೆ ನನ್ನ ಮಗಂಗೆ ಹೆಣ್ಣು ಕೇಳೋಕೆ ಹೋದ್ರೆ, ಚಿಕ್ಕಪ್ಪ ಎಂತ ಮಾಡ್ತಾರೆ ಅಂತ ಕೇಳ್ತಾರೆ. ನಾನೆಂತ ಹೇಳ್ಲಿ?"

"ನರ್ಸು ಅಂತ ಹೇಳು ಅಣ್ಣ."

ಆ ಮಾತಿಗೆ ಮನೆ ಒಡೆಯಿತು. ಹಳ್ಳದ ಈಚೆಯ ಮೂರೆಕರೆ, ತೋಟದ ಲೆಕ್ಕ ಬರೆಯುವ ರೈಟರ್ ಇರುತ್ತಿದ್ದ ಹಳೆಯ ಮನೆ ತಮ್ಮನ ಪಾಲಿಗೆ ಬಂತು. ತೋಟವನ್ನು ವಿಮಲ ನೋಡಿಕೊಂಡಳು. ಚಂದ್ರಶೇಖರ ಮಂಗಳೂರಿನ ಒಂದು ನರ್ಸಿಂಗ್ ಶಾಲೆಗೆ ಸೇರಿದ. ಮರುವರ್ಷವೇ ಕಾಫಿಗೆ ಹಿಂದೆಂದೂ ಇಲ್ಲದ ಬೆಲೆ ಬಂದು ಸುತ್ತಿನವರೆಲ್ಲ ಮಾರುತಿ ಕಾರು ತಗೊಂಡರು. ಇವರ ಮನೆಯ ಕಾಫಿ ಮಾತ್ರ ಫೀಸಾಗಿ ಚಾರ್ಮಾಡಿ ಘಾಟಿ ಇಳಿಯಿತು.

ಮೊದಲ ವರ್ಷದ ಕೊನೆಗೆ ದೀಪ ಹಚ್ಚುವ ಸಮಾರಂಭವಿತ್ತು. ವಿಮಲ ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದಳು. ಘಾಟಿಯ ತಿರುವುಗಳಲ್ಲಿ ರೂಪಶ್ರೀ ವಾಂತಿ ಮಾಡಿಕೊಂಡಿದ್ದರಿಂದ ಹೊಸ ಲಂಗ ಹೋಗಿ ಹಳೆಯ ಫ್ರಾಕೇ ಗತಿಯಾಯಿತು. ಸಭಾಂಗಣದ ತುಂಬ ಬಿಳಿ ಬಟ್ಟೆಯ ಹುಡುಗಿಯರು, ಹೆಚ್ಚಿನವರು ಕೇರಳದವರು. ನಡುವೆ ಅಲ್ಲೊಂದು ಇಲ್ಲೊಂದು ಮೀಸೆ ಚಿಗುರುವ ಹುಡುಗರು. ಅವರೆಲ್ಲರ ಹಿಂದೆ ಕಿವಿಯ ಮೇಲೆ ನರೆ ಇಣುಕುತ್ತಿದ್ದ ಚಂದ್ರಶೇಖರ, ಕೈಯಲ್ಲಿ ಮೇಣದ ಬತ್ತಿ. ಹುಡುಗಿಯರು ಅವನನ್ನು 'ಅಂಕಲ್' ಎನ್ನುತ್ತಿದ್ದರು. ಮೇಡಂ ಒಬ್ಬೊಬ್ಬ ಹುಡುಗಿಯ ತಲೆಗೂ ಬಿಳಿ ಟೋಪಿ ತೊಡಿಸಿ ಪಿನ್ನು ಹಾಕಿದರು. ಗಂಡುಹುಡುಗರನ್ನು ದಾಟಿ ಹೋದರು. "ಅಪ್ಪಂಗೆ ಯಾಕೆ ಟೋಪಿ ಕೊಡ್ಲಿಲ್ಲ?" ಎಂದು ರೂಪಶ್ರೀ ಗಟ್ಟಿಯಾಗಿ ಕೇಳಿದಳು. ಇಡೀ ಸಭೆ ನಕ್ಕಿತು. ಅವನೂ ನಕ್ಕ, ಕೈಯ ದೀಪ ಆರಿಹೋಗಿ ಪಕ್ಕದ ಹುಡುಗಿಯ ದೀಪದಿಂದ ಮತ್ತೆ ಹಚ್ಚಿಕೊಂಡ.

ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಾಗ ವಿಮಲ ಕೇಳಿದಳು. "ಎಲ್ಲರೂ ಕೈ ಮುಂದೆ ಮಾಡಿ ಇಂಗ್ಲಿಷಲ್ಲಿ ಏನೋ ಹೇಳಿದ್ರಲ್ಲ, ಎಂತ ಅದು?"

"ಪ್ರತಿಜ್ಞೆ. ರೋಗಿಯ ಮೈ ವಿಷಯ, ಮನೆ ವಿಷಯ ಯಾರ ಹತ್ರಾನೂ ಆಡಲ್ಲ ಅಂತ."

"ನನ್ನ ಹತ್ರಾನೂ?"

"ನಿನ್ನ ಹತ್ರಾನೂ ಮಾರಾಯ್ತಿ."

ಅವಳು ನಕ್ಕು ಬಸ್ಸು ಹತ್ತಿದ್ದಳು. ಆ ಮಾತನ್ನು ಅವನು ಅಷ್ಟು ನಿಜವಾಗಿ ಪಾಲಿಸುತ್ತಾನೆಂದು ಅಂದುಕೊಂಡಿರಲಿಲ್ಲ.

•

ಬಿಸಿಲು ಏರಿತು. ಅಂಗಳಕ್ಕೆ ಜನ ಬರತೊಡಗಿದರು. ಬಂಧುಗಳಲ್ಲ, ನೆರೆಹೊರೆಯವರೂ ಅಲ್ಲ.

ಮೊದಲು ಬಂದವನು ಬಣಕಲ್ಲಿನ ಲಾರಿ ಮಂಜಯ್ಯ. ಪೇಟೆಯಲ್ಲಿ ಎದುರು ಬಂದವರು ದಾರಿ ಬಿಡುವಂಥ ಆಳು. ಹೂವಿನ ಹಾರ ಹಾಕಿ, ಕಾಲಿಗೆ ಕೈ ಮುಟ್ಟಿಸಿ, ಹೋಗಿ ಹಂಡೆಯ ಒಲೆಯ ಹತ್ತಿರ ನಿಂತ.

ತುಂಗಮ್ಮನಿಗೆ ಸುಮ್ಮನಿರಲಾಗಲಿಲ್ಲ. "ನಿಂಗೆ ನಮ್ಮ ಚಂದ್ರು ಹೇಗೆ ಪರಿಚಯ ಮಾರಾಯ?"

"ಹೀಗೇ... ಬಸ್‌ಸ್ಟ್ಯಾಂಡಲ್ಲಿ ಸಿಗ್ತಿದ್ರು."

ಆಮೇಲೆ ಕಳಸದ ಕಡೆಯ ನಿವೃತ್ತ ಹೆಡ್‌ಮಾಸ್ತರರು ಬಂದರು. ಎರಡು ಬಸ್ಸು ಬದಲಿಸಿ ಬಂದಿದ್ದರು, ಪಂಚೆಯ ಅಂಚಿನಲ್ಲಿ ಕೆಂಪು ಧೂಳು.

"ತಮಗೆ ಹೇಗೆ ಪರಿಚಯ?"

"ಲೈಬ್ರರಿಯಲ್ಲಿ. ಪೇಪರ್ ಓದೋಕೆ ಬರ್ತಿದ್ದರು."

ಚಂದ್ರಶೇಖರ ಕಳಸದ ಲೈಬ್ರರಿಯ ಮೆಟ್ಟಿಲು ಹತ್ತಿದವನೇ ಅಲ್ಲ. ವಿಮಲ ತಲೆಯೆತ್ತಿ ಮಾಸ್ತರರನ್ನು ನೋಡಿದಳು. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಇನ್ನೂ ಕೆಲವರು ಬಂದರು. ಒಬ್ಬರು ಹೊರನಾಡಿನ ಲಾಡ್ಜಿನವರು, ಒಬ್ಬರು ಸಂಸೆಯ ಅಂಗಡಿಯವರು. ಯಾರನ್ನು ಕೇಳಿದರೂ ಒಂದೇ ಥರದ ಉತ್ತರ: ದಾರಿಯಲ್ಲಿ, ಸಂತೆಯಲ್ಲಿ, ಯಾರದೋ ಮದುವೆಯಲ್ಲಿ. ಒಬ್ಬರೂ ಆಸ್ಪತ್ರೆ ಎನ್ನಲಿಲ್ಲ.

ಕೊನೆಗೆ ಬಿಳಿ ಕಾರೊಂದು ಗೇಟಿನ ಬಳಿ ನಿಂತಿತು. ಇಳಿದವರು ಹಾಲಪ್ಪಗೌಡರು; ನೂರಾರು ಎಕರೆ ಎಸ್ಟೇಟಿನ ಧಣಿ. ಕೂತಿದ್ದ ಗಂಡಸರೆಲ್ಲ ಎದ್ದು ನಿಂತರು. ವಿಮಲ ಮಾತ್ರ ಮುಖವನ್ನು ಆಚೆ ತಿರುಗಿಸಿದಳು.

"ಗೌಡ್ರೇ, ನೀವೂ ಬಂದ್ರಾ? ಹೇಗೆ ಪರಿಚಯ..." ತುಂಗಮ್ಮನ ಸ್ವರ ಅರ್ಧಕ್ಕೇ ತಗ್ಗಿತು.

"ಕಾಫಿ ವಿಚಾರ ಮಾತಾಡ್ತಿದ್ವಿ" ಎಂದರು ಗೌಡರು, ಯಾರ ಮುಖವನ್ನೂ ನೋಡದೆ.

•

ಕೆಲವು ವರ್ಷಗಳ ಹಿಂದೆ ಬಣಕಲ್ಲಿನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಚಂದ್ರಶೇಖರ, ವಿಮಲ ಕೂತಿದ್ದರು. ಪಕ್ಕದ ಎಲೆಗೆ ಬಂದ ಹಾಲಪ್ಪಗೌಡರು ಕೂರಲು ಬಗ್ಗಿದವರು ಚಂದ್ರಶೇಖರನನ್ನು ಕಂಡು ಹಾಗೇ ನೆಟ್ಟಗಾಗಿ, ಆಚೆಯ ಸಾಲಿಗೆ ಹೋಗಿ ಕೂತರು. ಎದುರಿಗಿದ್ದವರು ನೋಡಿದರು. ಯಾರೋ ಕಿಸಕ್ಕೆಂದರು. ವಿಮಲ ಅರ್ಧ ಉಂಡ ಎಲೆಯನ್ನು ಮಡಚಿದಳು.

ಅದು ಮೊದಲ ಸಲವೇನೂ ಅಲ್ಲ. ಪೇಟೆಯಲ್ಲಿ ಇವನನ್ನು ಕಂಡು ಎದುರಿನ ಅಂಗಡಿಗೆ ನುಗ್ಗಿದವರಿದ್ದರು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಬಂದವರಿದ್ದರು. ಮನೆಗೆ ಬಂದು ಅವಳು ಅತ್ತಳು.

"ಸಾಕು ಬಿಡ್ರಿ ಈ ಕೆಲಸ. ಹೊಲಸು ಮುಟ್ಟೋನು ಅಂತ ಪಕ್ಕದಲ್ಲಿ ಕೂತು ಉಣ್ಣೋಕೂ ಆಗಲ್ಲ ಅವರಿಗೆ. ಭಾವ ಹೇಳಿದ್ದೇ ನಿಜ ಆಯ್ತಲ್ಲ."

ಚಂದ್ರಶೇಖರ ಮರುದಿನದ ಡ್ಯೂಟಿಗೆ ಬಿಳಿ ಅಂಗಿ ಇಸ್ತ್ರಿ ಮಾಡುತ್ತಿದ್ದ. "ಹಾಗೆಲ್ಲ ಅಲ್ಲ ವಿಮಲಾ" ಎಂದ.

"ಮತ್ತೆ ಹೇಗೆ? ಹೇಳಿ ನೋಡೋಣ."

ಅವನು ಹೇಳಲಿಲ್ಲ. ಅಂಗಿಯ ಕಾಲರನ್ನು ತಿರುಗಿಸಿ ಇನ್ನೊಂದು ಮಗ್ಗುಲು ತೀಡಿದ.

ಆ ಮೌನ ಅವಮಾನ ನುಂಗಿದವನ ಮೌನ ಎಂದೇ ಅವಳು ತಿಳಿದಿದ್ದಳು. ಆಮೇಲೆ ಮದುವೆ ಮುಂಜಿಗಳಿಗೆ ಅವಳು ಒಬ್ಬಳೇ ಹೋಗತೊಡಗಿದಳು.

•

ಮಧ್ಯಾಹ್ನವಾಗುತ್ತ ಬಂತು. ದೊಡ್ಡಪ್ಪನನ್ನು ಕರೆಯಲು ಹೋಗಿದ್ದ ರೂಪಶ್ರೀ ಒಬ್ಬಳೇ ಹಿಂದಿರುಗಿದಳು. ಕಣ್ಣು ಊದಿತ್ತು.

"ಅಮ್ಮ, ದೊಡ್ಡಪ್ಪ ಹಳ್ಳದ ಸಂಕದ ಆಚೆ ನಿಂತಿದಾರೆ. ಮನೆಗೂ ಹೋಗ್ತಿಲ್ಲ, ಈ ಕಡೆಗೂ ಬರ್ತಿಲ್ಲ. ನಾನು ಕರೆದ್ರೆ ಮಾತೇ ಆಡ್ಲಿಲ್ಲ."

ವಿಮಲ ಎದ್ದಳು. "ಹೆಣದ ಹತ್ರದಿಂದ ಏಳ್ಬಾರದು ಕಣೇ" ಎಂದು ತುಂಗಮ್ಮ ಸೆರಗು ಹಿಡಿದಳು. ವಿಮಲ ಅದನ್ನು ಮೆಲ್ಲಗೆ ಬಿಡಿಸಿಕೊಂಡು ಕಾಫಿಗಿಡಗಳ ನಡುವಿನ ಇಳಿಜಾರಿನಲ್ಲಿ ಹಳ್ಳಕ್ಕೆ ಹೋದಳು.

ಮರದ ದಿಮ್ಮಿಯ ಸಂಕದ ಆಚೆ ತುದಿಯಲ್ಲಿ ಪರಮೇಶ್ವರಪ್ಪ ನಿಂತಿದ್ದ. ಹೆಗಲ ಮೇಲೆ ಟವೆಲ್ಲು, ಬರಿಗಾಲು.

"ಭಾವ."

ಅವನು ನೀರನ್ನೇ ನೋಡುತ್ತಿದ್ದ. "ಅಷ್ಟೊಂದು ಕಾರು ಜೀಪು ಬಂದಿದಾವೆ. ಯಾರವರೆಲ್ಲ?"

"ನಂಗೂ ಗೊತ್ತಿಲ್ಲ. ಯಾರೂ ಸರಿಯಾಗಿ ಹೇಳ್ತಿಲ್ಲ."

ಅವನು ಟವೆಲ್ಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ.

"ಬರಲ್ಲ ಅಂತ ಅಂದಿದ್ದೆ ವಿಮಲಾ. ಎಲ್ಲರ ಎದುರಿಗೆ ಅಂದಿದ್ದೆ."

"ಅವರು ಅದನ್ನ ನಂಬಿರಲಿಲ್ಲ ಭಾವ. ನನ್ನ ಕೈಲಿ ಹೇಳ್ತಿದ್ರು, ಅಣ್ಣನ ಬಾಯಿ ಮಾತ್ರ ಹಾಗೆ ಅಂತ." ಅವಳು ಮನೆಯ ಕಡೆ ಕೈ ತೋರಿಸಿದಳು. "ನೀರು ಕಾದಿದೆ. ಇನ್ನು ತಡ ಮಾಡೋ ಹಾಗಿಲ್ಲ. ಕುಮಾರನೊಬ್ಬನ್ನೇ ಕಳಿಸಿದ್ರೆ ಸಾಕು ಅಂತ ನಾನು ಹೇಳಲ್ಲ. ನೀವೇ ಬನ್ನಿ."

ವಿಮಲ ತಿರುಗಿ ಗುಡ್ಡ ಹತ್ತಿದಳು. ಹಿಂದೆ ಹೆಜ್ಜೆಯ ಸದ್ದು ಬರುತ್ತದೇನೋ ಎಂದು ಕಿವಿಗೊಟ್ಟಳು. ಬರಲಿಲ್ಲ.

ಹಿರಿಯರು ಇನ್ನು ಕಾಯುವುದು ಬೇಡವೆಂದರು. ಸ್ನಾನ ಮಾಡಿಸಲು ಕಣದ ಬೆಂಚಿನ ಮೇಲೆ ಚಂದ್ರಶೇಖರನನ್ನು ಮಲಗಿಸಿದರು. ವಿಮಲಳ ತಮ್ಮ ಮತ್ತು ಅಕ್ಕಪಕ್ಕದ ಇಬ್ಬರು ಅಂಗಿ ತೆಗೆಯಲು ಹೊರಟರು. ಮೈ ಸೆಟೆದುಕೊಂಡಿತ್ತು. ಒಬ್ಬ ತೋಳು ಎಳೆದ, ಇನ್ನೊಬ್ಬ ಬೆನ್ನು ಎತ್ತಲು ನೋಡಿದ. ತಲೆ ಪಕ್ಕಕ್ಕೆ ಜಾರಿ ಬೆಂಚಿನ ಅಂಚಿಗೆ ಬಡಿಯಿತು. ವಿಮಲಳ ಬಾಯಿಂದ "ಅಯ್ಯೋ" ಎಂಬ ಸ್ವರ ಹೊರಟಿತು.

"ಎಳೀಬೇಡಿ!"

ಹಾಲಪ್ಪಗೌಡರು. ಜನರನ್ನು ಸರಿಸಿಕೊಂಡು ಮುಂದೆ ಬಂದು ರೇಷ್ಮೆ ಶಲ್ಯವನ್ನು ಯಾರದೋ ಕೈಗೆ ಕೊಟ್ಟರು. "ಕತ್ತರಿ ತನ್ನಿ. ಅಂಗಿ ಹಿಂದುಗಡೆ ಕತ್ತರಿಸ್ಬೇಕು, ಆಗ ಎರಡು ಕಡೆಯಿಂದಾನೂ ಸಲೀಸಾಗಿ ಬರುತ್ತೆ. ಮೊದ್ಲು ಮಗ್ಗುಲಿಗೆ ಹೊರಳಿಸಿ. ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ. ಮೂರು ಅಂದಾಗ ಒಟ್ಟಿಗೆ."

ಯಾರೂ ಮಿಸುಕಲಿಲ್ಲ. ಇಷ್ಟೆಲ್ಲ ಗೌಡರಿಗೆ ಹೇಗೆ ಗೊತ್ತು ಎಂದು ಎಲ್ಲರ ಮುಖದಲ್ಲೂ ಇತ್ತು. ಒಂದು ವರ್ಷ ಗೌಡರು ಮೈಸೂರಿನ ಮಗಳ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದರೆಂದು ಊರು ನಂಬಿತ್ತು. ಗೌಡರ ಕಿವಿ ಕೆಂಪಾಯಿತು. ಆದರೂ ಚಂದ್ರಶೇಖರನ ಭುಜದ ಮೇಲಿಟ್ಟ ಕೈ ತೆಗೆಯಲಿಲ್ಲ.

ಹೆಡ್‌ಮಾಸ್ತರರು ಬಂದು ಏನೂ ಹೇಳದೆ ಚಂದ್ರಶೇಖರನ ಕೆನ್ನೆ ಹಲಗೆಗೆ ತಾಗದಂತೆ ಅಂಗೈ ಒಡ್ಡಿದರು. ಹಂಡೆಯಿಂದ ಬಿಸಿನೀರು ತೋಡಿ ತಂದ ಮಂಜಯ್ಯ ಬಕೆಟ್ಟನ್ನು ಕೆಳಗಿಟ್ಟು, ಅಂಗಿಯ ತೋಳು ಮೇಲೇರಿಸಿ, ಮೊಣಕೈಯನ್ನು ನೀರಿನಲ್ಲಿ ಅದ್ದಿದ.

"ಬಿಸಿ ಜಾಸ್ತಿ ಆಯ್ತು" ಎಂದ. "ತಣ್ಣೀರು ಬೆರೆಸ್ಬೇಕು. ಸುಡುತ್ತೆ."

ವಿಮಲ ಆ ಮೊಣಕೈಯನ್ನು ನೋಡಿದಳು. ಬೆರಳು ಬಿಸಿಗೆ ಹೊಂದಿಕೊಂಡು ಸುಳ್ಳು ಹೇಳುತ್ತೆ, ಮೊಣಕೈ ಹೇಳಲ್ಲ ಎಂದು ಜ್ವರದ ಮಗಳ ಮೈ ಒರೆಸುವಾಗಲೆಲ್ಲ ಗಂಡ ಅನ್ನುತ್ತಿದ್ದ. ಅವಳು ಗೌಡರನ್ನು ನೋಡಿದಳು, ಮಾಸ್ತರರನ್ನು ನೋಡಿದಳು. ಇವರೆಲ್ಲ ಒಂದಲ್ಲ ಒಂದು ದಿನ, ಯಾರಿಗೂ ಕಾಣಬಾರದ ಸ್ಥಿತಿಯಲ್ಲಿ, ಅವನೊಬ್ಬನ ಕಣ್ಣೆದುರು ಮಲಗಿದ್ದವರು. ಪೇಟೆಯಲ್ಲಿ ಅವರು ಮುಖ ತಪ್ಪಿಸಿದ್ದು ಅವನ ಮೇಲಿನ ಅಸಹ್ಯಕ್ಕಲ್ಲ, ತಮ್ಮ ಮೇಲಿನ ನಾಚಿಕೆಗೆ. ಅದನ್ನು ಅವಳಿಗೆ ಒಂದು ಮಾತು ಹೇಳಿದ್ದರೆ ಅವಳ ಅಷ್ಟು ವರ್ಷಗಳ ಉರಿ ತಣ್ಣಗಾಗುತ್ತಿತ್ತು. ಅವನು ಹೇಳಿರಲಿಲ್ಲ. ಬೆಳಗಿನಿಂದ ಬಾರದ ಅಳು ಈಗ ಅವಳ ಎದೆಯೊಡೆದು ಬಂತು.

"ಸೊಂಟಕ್ಕೆ ಯಾರಾದ್ರೂ ಹಿಡೀರಪ್ಪ" ಎಂದರು ಗೌಡರು.

"ಜಾಗ ಬಿಡಿ."

ಪರಮೇಶ್ವರಪ್ಪ ಯಾವಾಗ ಸಂಕ ದಾಟಿದನೋ ಯಾರೂ ನೋಡಿರಲಿಲ್ಲ. ಟವೆಲ್ಲನ್ನು ಸೊಂಟಕ್ಕೆ ಬಿಗಿದು ಬಗ್ಗಿದ. "ಈ ಕಡೆ ನಾನು ಹಿಡೀತೀನಿ. ನಂಗೆ ಅಭ್ಯಾಸ ಇದೆ."

ಇತ್ತು. ರಾತ್ರಿ ಹೊತ್ತು ಅಪ್ಪಯ್ಯನನ್ನು ಹೊರಳಿಸುವಾಗ ಭುಜಕ್ಕೆ ತಮ್ಮ, ಸೊಂಟಕ್ಕೆ ಅಣ್ಣ ಕೈಕೊಡುತ್ತಿದ್ದುದನ್ನು ವಿಮಲ ಬಾಗಿಲ ಸಂದಿಯಿಂದ ಎಷ್ಟೋ ಸಲ ನೋಡಿದ್ದಳು. ಹಗಲು ಪರಮೇಶ್ವರಪ್ಪ ಆ ಕೋಣೆಯ ಕಡೆ ಸುಳಿಯುತ್ತಿರಲಿಲ್ಲ.

"ಒಂದು, ಎರಡು" ಎಂದರು ಗೌಡರು. ಮೂರು ಎಂದದ್ದು ಪರಮೇಶ್ವರಪ್ಪ. ಚಂದ್ರಶೇಖರ ಎಲ್ಲೂ ತಗುಲದೆ ಒಂದೇ ಸಲಕ್ಕೆ ಮಗ್ಗುಲಾದ.

ಆಮೇಲೆ ಬಂದವರನ್ನು ತುಂಗಮ್ಮ ಹೇಗೆ ಪರಿಚಯ ಎಂದು ಕೇಳಲಿಲ್ಲ. "ಬನ್ನಿ, ಮುಖ ನೋಡಿ" ಎಂದಷ್ಟೇ ಹೇಳಿ ದಾರಿ ತೋರಿಸಿದಳು.

ಬಾಯಿಗೆ ಅಕ್ಕಿ ಹಾಕಿಯಾಯಿತು. ಚಟ್ಟ ಎತ್ತಿದರು. ಅಪ್ಪನ ಹಿಂದೆಯೇ ಬಂದಿದ್ದ ಕುಮಾರ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಹೆಂಗಸರು ಅಂಗಳದಲ್ಲೇ ನಿಂತರು. ಸೌದೆ ಒಟ್ಟಿದ್ದ ಜಾಗ ತೋಟದ ಮೇಲ್ಗಡೆ. ಕಾಲುದಾರಿ ಕಾಫಿಗಿಡಗಳ ನಡುವೆ ಕಡಿದಾಗಿ ಏರುತ್ತಿತ್ತು. ಬಿಳಿ ಪಂಚೆಯವರು ಹೆಗಲು ಬದಲಿಸುತ್ತ ಹತ್ತಿದರು: ಮಂಜಯ್ಯ, ಸಂಸೆಯ ಅಂಗಡಿಯವರು, ಏದುಸಿರು ಬಿಡುತ್ತ ಗೌಡರು.

ದನ ನುಗ್ಗದಂತೆ ಬೇಲಿಗೆ ಹಾಕಿದ್ದ, ಮೆಟ್ಟಿ ಹತ್ತಿ ದಾಟುವ ತಡಮೆಯ ಹತ್ತಿರ ಎಲ್ಲರೂ ನಿಂತರು. ಹೆಗಲ ಮೇಲೆ ಹೊತ್ತು ಅದನ್ನು ದಾಟುವಂತಿರಲಿಲ್ಲ. ಚಟ್ಟವನ್ನು ಕೈಗೆ ಇಳಿಸಿಕೊಂಡು, ಆಚೆ ನಿಂತವರ ಕೈಗೆ ಒಂದೊಂದೇ ಗೇಣು ಸಾಗಿಸತೊಡಗಿದರು. ತಲೆಯ ಕಡೆ ಸ್ವಲ್ಪ ವಾಲಿತು. ಪರಮೇಶ್ವರಪ್ಪ ಬೇಲಿಯ ಮುಳ್ಳನ್ನೂ ನೋಡದೆ ನುಗ್ಗಿ ಬಂದು, ಚಟ್ಟದ ಬಿದಿರಿನ ಸಂದಿಯಲ್ಲಿ ಕೈ ತೂರಿಸಿ ತಮ್ಮನ ತಲೆಯ ಕೆಳಗೆ ಅಂಗೈ ಇಟ್ಟ. ಚಟ್ಟ ತಡಮೆ ದಾಟಿತು, ಮತ್ತೆ ಹೆಗಲುಗಳ ಮೇಲೆ ನೆಟ್ಟಗೆ ಕೂತಿತು. ಅವನು ಕೈ ತೆಗೆಯಲಿಲ್ಲ. ತೋಳನ್ನು ಮೇಲಕ್ಕೆ ಚಾಚಿಕೊಂಡು, ಕಾಲೆಳೆಯುತ್ತ, ಹಾಗೇ ಪಕ್ಕದಲ್ಲಿ ನಡೆದು ಹೋದ.